ಪರರ ಜಡೆಯೂ ನಮ್ಮ ತಲೆಯೂ

ನಮ್ಮ ಶಾಲೆಯ ಈ ಸ್ಮರಣಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿಕೊಂಡಾಗ, ಬೋರ್ಡಿಂಗಿನ ಹಳೆಯ ನೆನಪುಗಳನ್ನೇ ನಾಲ್ಕು ಪುಟ ಬರೆಯೋಣವೆಂದು ಮೊದಲು ಎಣಿಸಿದ್ದೆನು. ಆದರೆ ಅದೇ ವಾರದಲ್ಲಿ ಕೈಸೇರಿದ ಒಂದು ಪತ್ರವು ಆ ಎಣಿಕೆಯನ್ನು ಬದಲಿಸಿತು. ಅದನ್ನು ಬರೆದವಳು ಇಪ್ಪತ್ತೈದು ವರ್ಷಗಳ ಹಿಂದೆ ಇಲ್ಲಿ ಕಲಿತು, ಈಗ ಗಂಡ ಮಕ್ಕಳೊಡನೆ ಅಮೇರಿಕದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯು. ಅವಳ ಮಗಳಿಗೆ ಹದಿನಾಲ್ಕು ವರ್ಷ. ಆ ಹುಡುಗಿಯ ಪ್ರಾಣಸ್ನೇಹಿತೆಯು ಆಫ್ರಿಕ ಮೂಲದ ಕುಟುಂಬದವಳು. ಒಂದು ಶನಿವಾರ ಆ ಸ್ನೇಹಿತೆಯ ತಾಯಿಯು ಇಬ್ಬರನ್ನೂ ಮುಂದೆ ಕೂಡ್ರಿಸಿಕೊಂಡು, ಇಬ್ಬರ ತಲೆಗೂ ತಮ್ಮ ಜನರಲ್ಲಿ ನಡೆಯುವ ಸಣ್ಣ ಸಣ್ಣ ಜಡೆಗಳನ್ನು ಹೆಣೆದಳು. ಸೋಮವಾರ ಶಾಲೆಯಲ್ಲಿ ಅನೇಕರು ಚೆನ್ನಾಗಿದೆ ಎಂದರು. ಆದರೆ ಸ್ನೇಹಿತೆಯ ಜನದವಳೇ ಆದ ಮತ್ತೊಬ್ಬ ಹುಡುಗಿಯು, "ಇದು ನಿನ್ನದಲ್ಲ" ಎಂದು ಹೇಳಿ ಮುಖ ತಿರುಗಿಸಿಕೊಂಡಳಂತೆ. ಮನೆಗೆ ಬಂದರೆ ಅಜ್ಜಿಯು, "ಇದೇನು ವೇಷವೇ ಮಗಳೇ, ಇದು ನಮ್ಮದಲ್ಲ" ಎಂದಳಂತೆ. "ಟೀಚರ್, ಒಬ್ಬರು ನಿನ್ನದಲ್ಲವೆನ್ನುತ್ತಾರೆ, ಒಬ್ಬರು ನಮ್ಮದಲ್ಲವೆನ್ನುತ್ತಾರೆ. ಅಳುವ ಮಗಳಿಗೆ ನಾನೇನು ಹೇಳಲಿ?" ಎಂದು ತಾಯಿಯು ಕೇಳಿದ್ದಾಳೆ.

ಪ್ರಶ್ನೆಯು ಚಿಕ್ಕದಾಗಿ ಕಾಣುವದು. ಕೂದಲೇ ತಾನೆ, ಬಿಚ್ಚಿದರೆ ಬಿಚ್ಚಿತು, ಕಟ್ಟಿದರೆ ಕಟ್ಟಿತು ಎಂದು ನಾನೂ ಮೊದಲು ಅಂದುಕೊಂಡೆನು. ವಿಚಾರಿಸುತ್ತ ಹೋದ ಹಾಗೆ, ಇದಕ್ಕೆ ಉತ್ತರ ಕೊಡುವ ಮೊದಲು ನಾನು ಕಲಿಯತಕ್ಕದ್ದೂ, ಒಪ್ಪಿಕೊಳ್ಳತಕ್ಕದ್ದೂ ಬಹಳ ಉಂಟೆಂದು ತಿಳಿದುಬಂತು. ಅದನ್ನೇ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದೆ ಇಡುತ್ತೇನೆ.

ಮೊದಲು ಆ ಜಡೆ ಯಾವದೆಂದು ತಿಳಿಯೋಣ. ನಮ್ಮ ಜಡೆಯು ಕುತ್ತಿಗೆಯ ಬಳಿ ಆರಂಭವಾಗಿ ಬೆನ್ನಿನ ಮೇಲೆ ಇಳಿಯುವದು. ಇದಾದರೋ ತಲೆಯ ಚರ್ಮಕ್ಕೆ ಅಂಟಿಕೊಂಡೇ ನಡೆಯುವದು. ಬಾಚಣಿಗೆಯ ತುದಿಯಿಂದ ಹತ್ತಾರು ಬೈತಲೆಗಳನ್ನು ತೆಗೆದು, ಎರಡು ಬೈತಲೆಗಳ ನಡುವಣ ಕೂದಲನ್ನು ಹಣೆಯ ಬಳಿಯಲ್ಲಿ ಮೂರು ಕಾಲುಗಳಾಗಿ ಹಿಡಿದು, ಒಂದೊಂದು ಹೆಣಿಗೆಗೂ ಕೆಳಗಿನ ಕೂದಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿಕೊಳ್ಳುತ್ತ ಹಿಂದಲೆಯ ವರೆಗೆ ಹೋಗಬೇಕು. ಮುಗಿದಾಗ ತಲೆಯು ಉತ್ತು ಬಿತ್ತಿದ ಹೊಲದಂತೆ ಕಾಣುವದು. ಆದದರಿಂದಲೇ ಅಮೇರಿಕದಲ್ಲಿ ಇದಕ್ಕೆ ಕಾರ್ನ್‌ರೋ, ಅಂದರೆ ಮುಸುಕಿನ ಜೋಳದ ಸಾಲು, ಎಂದು ಹೆಸರು. ಕಬ್ಬಿನ ತೋಟಗಳಲ್ಲಿ ದುಡಿದ ವೆಸ್ಟ್ ಇಂಡೀಸಿನ ಜನರು ಕಬ್ಬಿನ ಸಾಲು ಎನ್ನುವರು. ಈ ಲೇಖನದಲ್ಲಿ ನಾನು ಇದನ್ನು ಸಾಲುಜಡೆಯೆಂದು ಕರೆಯುವೆನು.

ಇದು ಬರೀ ಅಲಂಕಾರವಲ್ಲ. ಆಫ್ರಿಕದ ಜನರ ಕೂದಲು ಹುಟ್ಟುವ ಕುಳಿಯೇ ಚರ್ಮದೊಳಗೆ ಬಾಗಿರುವದರಿಂದ ಕೂದಲು ಸುರುಳಿ ಸುರುಳಿಯಾಗಿ ಬೆಳೆಯುವದು. ತಲೆಯ ಚರ್ಮದಲ್ಲಿ ಒಸರುವ ಜಿಡ್ಡು ನೀಳವಾದ ಕೂದಲಿನ ಮೇಲೆ ಸುಲಭವಾಗಿ ತುದಿಯ ವರೆಗೆ ಇಳಿಯುವದು. ಸುರುಳಿಯ ಮೇಲೆ ಹಾಗೆ ಇಳಿಯಲಾರದು. ಆದದರಿಂದ ಅಂಥ ಕೂದಲು ಬೇಗ ಒಣಗುವದು, ದಿನಾಲೂ ಬಾಚಿದರೆ ಗಂಟುಗಂಟಾಗಿ ತುಂಡಾಗುವದು. ಒಮ್ಮೆ ತೊಳೆದು, ಎಣ್ಣೆ ತೊಡೆದು, ಸಾಲುಸಾಲಾಗಿ ಹೆಣೆದುಬಿಟ್ಟರೆ ವಾರಗಟ್ಟಲೆ ಬಾಚುವ ಕಷ್ಟವಿಲ್ಲದೆ ಕೂದಲು ಉಳಿದು ಬೆಳೆಯುವದು. ಅಂದರೆ ನಮಗೆ ಎಣ್ಣೆ ಹಚ್ಚಿ ಬಾಚಿದ ಎರಡು ಜಡೆ ಹೇಗೆ ಒಪ್ಪವೋ, ಆ ಕೂದಲಿಗೆ ಸಾಲುಜಡೆಯೇ ಹಾಗೆ ಒಪ್ಪ. ಈ ಒಂದು ಸಂಗತಿಯನ್ನು ತಿಳಿಯದೆ ಎಷ್ಟೋ ಶಾಲೆಗಳು ತಪ್ಪು ಮಾಡಿದವು; ಅವುಗಳಲ್ಲಿ ಒಂದರ ಮಾತನ್ನು ಮುಂದೆ ಹೇಳುವೆನು.

ಇನ್ನು ಇದರ ಪುರಾತನತ್ವ. ನೈಜೀರಿಯ ದೇಶದ ನೊಕ್ ಎಂಬ ಸ್ಥಳದ ಸುತ್ತಮುತ್ತ ಸಿಕ್ಕಿದ, ಎರಡು ಸಾವಿರ ವರ್ಷಗಳಿಗಿಂತಲೂ ಹಳೆಯವಾದ ಸುಟ್ಟ ಮಣ್ಣಿನ ಬೊಂಬೆಗಳ ತಲೆಗಳಲ್ಲಿ ಬಹು ನಾಜೂಕಾದ ಕೇಶರಚನೆಗಳು ಕಾಣುತ್ತವೆ. ಅದೇ ದೇಶದ ಯೊರುಬ ಜನರು ತಲೆಯನ್ನು ಮನುಷ್ಯನ ಭಾಗ್ಯದ ಆಸನವೆಂದು ಎಣಿಸುವವರಾದ್ದರಿಂದ, ಒಬ್ಬರ ತಲೆಯ ಮೇಲೆ ಕೈಯಿಡುವ ಕೆಲಸವು ಅವರಲ್ಲಿ ಗೌರವದ್ದು. ಎಲ್ಲಾ ಜಡೆಗಳನ್ನು ನೆತ್ತಿಯ ಕಡೆಗೆ ಏರಿಸಿ ಕಟ್ಟುವ ಒಂದು ಬಗೆಗೆ ಅವರು ಶುಕು ಎನ್ನುವರು. ನಮೀಬಿಯದ ಹಿಂಬ ಜನರಲ್ಲಿ ಚಿಕ್ಕ ಹುಡುಗಿಯರು ಎರಡು ಜಡೆಗಳನ್ನು ಮುಖದ ಮುಂದಕ್ಕೆ ಬಿಟ್ಟುಕೊಳ್ಳುವರು. ದೊಡ್ಡವರಾದ ಮೇಲೆ ಬೆಣ್ಣೆಯ ಜಿಡ್ಡಿನಲ್ಲಿ ಕೆಮ್ಮಣ್ಣನ್ನು ಕಲಸಿ ಅನೇಕ ಜಡೆಗಳಿಗೆ ಮೆತ್ತಿಕೊಳ್ಳುವರು. ಮದುವೆಯಾದವರು ಚರ್ಮದ ಶಿರೋಭೂಷಣವನ್ನು ಧರಿಸುವರು. ನಮ್ಮಲ್ಲಿ ತಾಳಿ ಕಾಲುಂಗುರಗಳನ್ನು ನೋಡಿ ತಿಳಿಯುವದನ್ನು ಅಲ್ಲಿ ತಲೆಯನ್ನು ನೋಡಿ ತಿಳಿಯುವರು.

ಇಂಥಾ ಜನರನ್ನು ಹಿಡಿದು ಹಡಗುಗಳಲ್ಲಿ ತುಂಬಿ ಸಾಗಿಸಿದ ಗುಲಾಮರ ವ್ಯಾಪಾರವನ್ನು ನಮ್ಮ ಚರಿತ್ರೆಯ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ಮೂರೂವರೆ ಶತಮಾನಗಳಲ್ಲಿ ಸುಮಾರು ೧ ಕೋಟಿ ೨೫ ಲಕ್ಷ ಮಂದಿಯನ್ನು ಹಡಗು ಹತ್ತಿಸಿದರೆಂದೂ, ಅವರಲ್ಲಿ ಸುಮಾರು ೧ ಕೋಟಿ ೭ ಲಕ್ಷ ಮಂದಿ ಮಾತ್ರ ಜೀವಸಹಿತ ಆಚೆಯ ದಡವನ್ನು ಕಂಡರೆಂದೂ ಚರಿತ್ರಕಾರರು ಲೆಕ್ಕ ಮಾಡಿದ್ದಾರೆ. ಹಡಗು ಹತ್ತಿಸುವಾಗ ಅನೇಕರ ತಲೆಗಳನ್ನು ಬೋಳಿಸುತ್ತಿದ್ದರು. ಹೇನು ರೋಗಗಳ ಭಯವೆಂಬದು ಕಾರಣ. ಆದರೆ ತಲೆಯಲ್ಲಿಯೇ ಊರು, ಕುಲ, ವಯಸ್ಸುಗಳ ಗುರುತನ್ನು ಹೊತ್ತವರಿಗೆ ಅದು ಹೆಸರನ್ನು ಅಳಿಸಿದ ಹಾಗಾಯಿತು. ಸುರಿನಾಮಿನಲ್ಲಿ ಒಡೆಯರಿಂದ ತಪ್ಪಿಸಿಕೊಂಡು ಕಾಡು ಸೇರಿದವರ ವಂಶದ ಅಜ್ಜಿಯರು ಇಂದಿಗೂ ಒಂದು ಕಥೆಯನ್ನು ಹೇಳುತ್ತಾರೆ: ತಮ್ಮ ಮೂಲದ ತಾಯಿಯೊಬ್ಬಳು ಬತ್ತದ ಕಾಳುಗಳನ್ನು ಕೂದಲೊಳಗೆ ಅಡಗಿಸಿ ತಂದದ್ದರಿಂದ ತಮಗೆ ಅನ್ನವಾಯಿತೆಂದು. ಅನ್ನವುಣ್ಣುವ ನಾಡಿನವರಾದ ನಮಗೆ ಆ ಕಥೆಯ ಭಾರವು ಬೇಗನೆ ತಿಳಿಯುವದು.

ದಾಸ್ಯದಲ್ಲಿಯೂ ಆ ತಲೆಯ ಮೇಲೆ ಕಟ್ಟಳೆಗಳು ನಿಲ್ಲಲಿಲ್ಲ. ೧೭೮೬ರಲ್ಲಿ, ಲೂಯಿಸಿಯಾನ ಪ್ರಾಂತವು ಸ್ಪೇನಿನವರ ಕೈಯಲ್ಲಿದ್ದಾಗ, ಅದರ ಗವರ್ನರನಾದ ಮಿರೋ ಎಂಬವನು ಆಫ್ರಿಕ ಮೂಲದ ಸ್ತ್ರೀಯರು ತಮ್ಮ ಕೂದಲನ್ನು ಬಟ್ಟೆಯಿಂದ ಮುಚ್ಚಿಕೊಳ್ಳತಕ್ಕದ್ದೆಂದು ಆಜ್ಞೆ ಹೊರಡಿಸಿದನು. ಅವರ ಕೇಶಾಲಂಕಾರವು ಯೂರೋಪಿನ ಸ್ತ್ರೀಯರ ಅಲಂಕಾರಕ್ಕೆ ಸರಿಗಟ್ಟುತ್ತಿದ್ದುದೇ ಅವರ ಅಪರಾಧ. ಆ ಜಾಣೆಯರು ಬಣ್ಣಬಣ್ಣದ ವಸ್ತ್ರಗಳನ್ನು ಅಂದವಾಗಿ ಸುತ್ತಿಕೊಂಡು, ಅವಮಾನದ ಗುರುತಾಗಬೇಕೆಂದಿದ್ದ ಬಟ್ಟೆಯನ್ನೇ ಆಭರಣವನ್ನಾಗಿ ಮಾಡಿಕೊಂಡರು. ದಾಸ್ಯವು ಕಾಯಿದೆಯಿಂದ ಹೋದ ಮೇಲೂ ನೀಳವಾದ ಕೂದಲೇ ಕೂದಲು ಎಂಬ ಭಾವನೆ ಉಳಿಯಿತು. ಕೆಲಸ ಸಿಕ್ಕಬೇಕಾದರೆ, ಮರ್ಯಾದಸ್ಥರೆನ್ನಿಸಿಕೊಳ್ಳಬೇಕಾದರೆ, ಕಾಯಿಸಿದ ಕಬ್ಬಿಣದ ಬಾಚಣಿಗೆಯಿಂದಲೂ ಚರ್ಮವನ್ನು ಸುಡುವ ಔಷಧಗಳಿಂದಲೂ ಕೂದಲನ್ನು ನೀಳಮಾಡಿಕೊಳ್ಳಬೇಕಾಯಿತು. ೧೯೬೦ರ ತರುವಾಯದ ಹಕ್ಕಿನ ಚಳವಳಿಯಲ್ಲಿ ಮಾತ್ರ ಸಹಸ್ರಾರು ಯುವತಿಯರು, ದೇವರು ಕೊಟ್ಟ ಕೂದಲನ್ನು ಕೊಟ್ಟಂತೆಯೇ ಬಿಡುವೆವೆಂದು ಧೈರ್ಯಮಾಡಿದರು.

ಈಗ ಪತ್ರದ ಪ್ರಶ್ನೆಯ ತಿರುಳಿಗೆ ಬಂದೆವು. ೧೯೭೯ರಲ್ಲಿ "ಟೆನ್" ಎಂಬ ಚಲಚ್ಚಿತ್ರದಲ್ಲಿ ಬೋ ಡೆರೆಕ್ ಎಂಬ ಬಿಳಿಯ ನಟಿಯು ಸಾಲುಜಡೆಯನ್ನು ಹಾಕಿಕೊಂಡು ಕಾಣಿಸಿಕೊಂಡಳು. ಲೋಕವೆಲ್ಲಾ ಅದನ್ನು ಹೊಸ ಸೊಗಸೆಂದು ಕೊಂಡಾಡಿತು. ಮರುವರ್ಷವೇ ರೆನೀ ರಾಜರ್ಸ್ ಎಂಬ ಆಫ್ರಿಕ ಮೂಲದ ಸ್ತ್ರೀಯು ತಾನು ಕೆಲಸಮಾಡುತ್ತಿದ್ದ ವಿಮಾನದ ಕಂಪನಿಗೆ ಅದೇ ಜಡೆಯಲ್ಲಿ ಹೋದಾಗ, ಅದು ಕೂಡದೆಂದು ತಡೆದರು. ಆಕೆ ನ್ಯಾಯಸ್ಥಾನಕ್ಕೆ ಹೋದಳು. ಇದು ತನ್ನ ಜನರ ಪರಂಪರೆಯೆಂದು ವಾದಿಸಿದಳು. ೧೯೮೧ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಸ್ಥಾನವು ಆಕೆಗೆ ವಿರೋಧವಾಗಿ ತೀರ್ಪುಕೊಟ್ಟಿತು. ಜಡೆಯು ಹುಟ್ಟಿನಿಂದ ಬಂದದ್ದಲ್ಲ, ಬಿಚ್ಚಬಹುದಾದದ್ದು ಎಂಬದು ಒಂದು ಕಾರಣ. ಅದಲ್ಲದೆ, ಆ ಜಡೆಯು ಬಿಳಿಯ ನಟಿಯೊಬ್ಬಳಿಂದ ಪ್ರಚಾರಕ್ಕೆ ಬಂದ ಸ್ವಲ್ಪ ಕಾಲದ ಮೇಲೆಯೇ ಆಕೆ ಅದನ್ನು ಹಾಕಿಕೊಂಡಳೆಂಬ ಮಾತೂ ತೀರ್ಪಿನಲ್ಲಿ ಸೇರಿತು. ಎರಡು ಸಾವಿರ ವರ್ಷದ ಸೊತ್ತು ಒಂದೇ ವರ್ಷದಲ್ಲಿ ಎರವು ತೆಗೆದುಕೊಂಡವಳದಾಯಿತು, ಒಡತಿಯೇ ಎರವಿನವಳಾದಳು! ಕೊಳ್ಳುವದಕ್ಕೆ ಒಂದು ಸೇರು, ಅಳೆದುಕೊಡುವದಕ್ಕೆ ಇನ್ನೊಂದು ಸೇರು ಇಟ್ಟುಕೊಂಡ ಅಂಗಡಿಯವನ ನ್ಯಾಯವಿದು. ಆ ಶಾಲೆಯ ಹುಡುಗಿಯು "ಇದು ನಿನ್ನದಲ್ಲ" ಎಂದಾಗ ಅವಳ ಬಾಯಿಂದ ಹೊರಟದ್ದು ಈ ಎರಡು ಸೇರಿನ ನೋವು. ನಮ್ಮ ಹುಡುಗಿಯು ಅದನ್ನು ಅರಿಯದೆ ಅದರ ಎದುರಿಗೆ ಸಿಕ್ಕಿಕೊಂಡಳು.

ಇದು ಹಳೆಯ ಮಾತೆಂದು ಹೇಳುವಂತಿಲ್ಲ. ೨೦೦೯ರಲ್ಲಿ ಲಂಡನಿನ ಒಂದು ಕಥೋಲಿಕ ಶಾಲೆಯು, ಸಾಲುಜಡೆ ಹಾಕಿಕೊಂಡು ಬಂದಿದ್ದ ಹನ್ನೊಂದು ವರ್ಷದ ಹುಡುಗನನ್ನು ಮೊದಲನೆಯ ದಿನವೇ ಹಿಂದಕ್ಕೆ ಕಳುಹಿಸಿತು. ಯಾವ ವಿನಾಯಿತಿಯೂ ಇಲ್ಲದ ಇಂಥ ನಿಷೇಧವು ಪರೋಕ್ಷವಾದ ಜನಾಂಗಭೇದವೆಂದು ೨೦೧೧ರಲ್ಲಿ ಅಲ್ಲಿಯ ಹೈಕೋರ್ಟು ತೀರ್ಮಾನಿಸಿತು. ೨೦೧೬ನೆಯ ಆಗಸ್ಟ್ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯ ಹುಡುಗಿಯರ ಹೈಸ್ಕೂಲಿನಲ್ಲಿ ಹದಿಮೂರು ಹದಿನಾಲ್ಕು ವರ್ಷದ ವಿದ್ಯಾರ್ಥಿನಿಯರೇ ಎದುರು ನಿಂತರು. ಅದು ಹಿಂದೆ ಬಿಳಿಯ ಹುಡುಗಿಯರಿಗೆಂದೇ ಇದ್ದ ಶಾಲೆ. ಆಫ್ರಿಕದ ನೆಲದ ಮೇಲೆಯೇ ಆಫ್ರಿಕದ ಹುಡುಗಿಯರ ಸ್ವಾಭಾವಿಕ ಕೂದಲನ್ನು ಅಲ್ಲಿ ಅಶಿಸ್ತೆಂದು ಗದರಿಸುತ್ತಿದ್ದರೆಂಬದು ಅವರ ದೂರು. ಕೆಲವೇ ದಿನಗಳಲ್ಲಿ ಪ್ರಾಂತದ ವಿದ್ಯಾಧಿಕಾರಿಗಳು ಕೂದಲಿನ ಆ ನಿಯಮವನ್ನು ತಡೆಹಿಡಿದರು. ೨೦೧೯ನೆಯ ಜುಲಾಯಿಯಲ್ಲಿ ಕ್ಯಾಲಿಫೋರ್ನಿಯ ಸಂಸ್ಥಾನವು, ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಇಂಥ ಕೇಶರಚನೆಗಾಗಿ ಯಾರನ್ನೂ ತಳ್ಳಕೂಡದೆಂದು ಕಾಯಿದೆ ಮಾಡಿತು. ಅದಕ್ಕೆ ಕ್ರೌನ್ ಕಾಯಿದೆ, ಅಂದರೆ ಕಿರೀಟದ ಕಾಯಿದೆ, ಎಂದು ಹೆಸರು. ಅಂದಿನಿಂದ ಇಪ್ಪತ್ತಕ್ಕಿಂತ ಹೆಚ್ಚು ಸಂಸ್ಥಾನಗಳು ಅದನ್ನು ಅನುಸರಿಸಿವೆ. ಇಷ್ಟು ಈಚಿನ ಕಾಲದಲ್ಲಿಯೂ ತಲೆಗೂದಲಿಗೆ ಕಾಯಿದೆಯ ರಕ್ಷಣೆ ಬೇಕಾಯಿತೆಂಬದೇ ಗಾಯವು ಮಾಯದಿರುವದಕ್ಕೆ ಸಾಕ್ಷಿ.

ಪರದೇಶಗಳ ಮಾತಾಯಿತು. ಮಿಶನ್ ಶಾಲೆಯ ಮಕ್ಕಳಾದ ನಾವು ಇಲ್ಲಿ ಸ್ವಲ್ಪ ನಿಂತು, ನಮ್ಮ ಸಭೆಗಳೂ ಶಾಲೆಗಳೂ ತಲೆಗೂದಲಿನ ವಿಷಯದಲ್ಲಿ ಹೇಗೆ ನಡೆದವೆಂದು ನೋಡಬೇಕು. ೧೬೦೬ರಲ್ಲಿ ಮಧುರೆಗೆ ಬಂದ ಇಟಲಿಯ ಪಾದ್ರಿ ರೋಬೆರ್ತೊ ದೆ ನೋಬಿಲಿಯು, ಕ್ರಿಸ್ತನನ್ನು ಅಂಗೀಕರಿಸಿದವರು ತಮ್ಮ ಜುಟ್ಟನ್ನು ಬಿಡಬೇಕಾಗಿಲ್ಲ. ಅದು ದೇಶಾಚಾರ, ಪೂಜಾಚಾರವಲ್ಲ ಎಂದು ವಾದಿಸಿದನು. ವಿವಾದವು ರೋಮಿನ ವರೆಗೆ ಹೋಯಿತು. ಹದಿನೈದನೆಯ ಗ್ರೆಗೊರಿ ಪೋಪರು ೧೬೨೩ರಲ್ಲಿ, ಕೆಲವು ಷರತ್ತುಗಳ ಮೇಲೆ ಜನಿವಾರವೂ ಜುಟ್ಟೂ ಇರಬಹುದೆಂದು ಅಪ್ಪಣೆ ಕೊಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಪ್ರಶ್ನೆ ದಕ್ಷಿಣದ ಪ್ರೊಟೆಸ್ಟಂಟ್ ಮಿಶನರಿಗಳ ನಡುವೆ ಮತ್ತೆ ಎದ್ದಿತು. ಜುಟ್ಟನ್ನು ಕತ್ತರಿಸದೆ ದೀಕ್ಷಾಸ್ನಾನವಿಲ್ಲವೆಂದು ಕೆಲವರು ಹಟಮಾಡಿದರು. ದ್ರಾವಿಡ ಭಾಷೆಗಳ ವ್ಯಾಕರಣದಿಂದ ನಮಗೆಲ್ಲಾ ಪರಿಚಿತನಾದ ಕಾಲ್ಡ್‌ವೆಲ್ಲನು ಇದನ್ನು ಕುರಿತೇ ಪ್ರಬಂಧ ಬರೆದು, ಜುಟ್ಟು ಕೂದಲು ಬಿಡುವ ಒಂದು ರೀತಿಯೇ ಹೊರತು ಧರ್ಮದ ಗುರುತಲ್ಲವೆಂದು ತೋರಿಸಿದನು. ಒಬ್ಬರ ತಲೆಯ ಅರ್ಥವನ್ನು ಹೇಳುವ ಅಧಿಕಾರ ಯಾರದು, ಅದನ್ನು ಹೊತ್ತವರದೋ, ಹೊರಗಿನಿಂದ ನೋಡುವವರದೋ ಎಂಬ ಇಂದಿನ ಪ್ರಶ್ನೆಯೇ ಅಂದಿನದೂ ಆಗಿತ್ತು.

ಇದಕ್ಕಿಂತ ಕಠಿನವಾದ ಪಾಠ ಅಮೇರಿಕದ ಮೂಲನಿವಾಸಿಗಳದು. ೧೮೭೯ರಲ್ಲಿ ಪೆನ್ಸಿಲ್ವೇನಿಯದ ಕಾರ್ಲೈಲಿನಲ್ಲಿ ಅವರ ಮಕ್ಕಳಿಗಾಗಿ ತೆರೆದ ವಸತಿಶಾಲೆಯಲ್ಲಿಯೂ, ಅದರ ತರುವಾಯ ಸರಕಾರವೂ ಮಿಶನುಗಳೂ ನಡಿಸಿದ ಅನೇಕ ಶಾಲೆಗಳಲ್ಲಿಯೂ, ಮಕ್ಕಳು ಬಂದ ಕೂಡಲೆ ಉದ್ದ ಕೂದಲನ್ನು ಕತ್ತರಿಸುತ್ತಿದ್ದರು. ಯಾಂಕ್ಟನ್ ಬಣದ ಜಿತ್ಕಾಲಾ-ಶಾ ಎಂಬ ಬಾಲಕಿಯು ಎಂಟು ವರ್ಷದವಳಾಗಿದ್ದಾಗ, ೧೮೮೪ರಲ್ಲಿ, ಇಂಡಿಯಾನ ಪ್ರಾಂತದಲ್ಲಿ ಕ್ವೇಕರ್ ಕ್ರೈಸ್ತರು ನಡಿಸುತ್ತಿದ್ದ ಶಾಲೆಗೆ ಹೋದಳು. ಕತ್ತರಿಯ ಸುದ್ದಿ ಕೇಳಿ ಮಂಚದ ಕೆಳಗೆ ಅಡಗಿಕೊಂಡ ಅವಳನ್ನು ಎಳೆದುತಂದು, ಕುರ್ಚಿಗೆ ಕಟ್ಟಿ, ಜಡೆಗಳನ್ನು ಕತ್ತರಿಸಿದರು. ಅವಳ ಜನರಲ್ಲಿ ಕೂದಲು ಕತ್ತರಿಸಿಕೊಳ್ಳುವದು ಸಾವಿನ ದುಃಖಕ್ಕೆ. ಶತ್ರುವಿಗೆ ಸೆರೆಸಿಕ್ಕಿದ ಹೇಡಿಗಳ ಕೂದಲನ್ನು ಶತ್ರುವೇ ಕತ್ತರಿಸುವನು. ದೊಡ್ಡವಳಾಗಿ ಹೆಸರಾದ ಲೇಖಕಿಯಾದ ಮೇಲೆ, ೧೯೦೦ರಲ್ಲಿ, ಆಕೆ ಆ ದಿನವನ್ನು ಬರೆದಳು. ಆ ಶಾಲೆಯ ಉಪಾಧ್ಯಾಯಿನಿಯರು ಕ್ರೂರಿಗಳೆಂದು ನನಗೆ ತೋರುವದಿಲ್ಲ. ಅವರು ಹುಡುಗಿಯನ್ನು ಚೊಕ್ಕಟ ಮಾಡುತ್ತೇವೆಂದೇ ನಂಬಿದ್ದಿರಬೇಕು. ನನಗೆ ಇದು ಹೇಗೆ ತೋರುವದೆಂದರೆ, ನಾನೂ ಹಾಗೆಯೇ ನಂಬಿದವಳು.

ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ನೆನಪಿರಬಹುದು. ಒಂದು ವರ್ಷ ನಮ್ಮ ಬೋರ್ಡಿಂಗಿಗೆ ಉತ್ತರ ಕನ್ನಡ ಜಿಲ್ಲೆಯ ಕಾಡುಪ್ರದೇಶದಿಂದ ಸಿದ್ದಿ ಜನದ ಹುಡುಗಿಯೊಬ್ಬಳು ಬಂದಳು. ಸಿದ್ದಿಯರ ಹಿರಿಯರು ಆಫ್ರಿಕದವರು. ಹದಿನಾರನೆಯ ಶತಮಾನದಿಂದ ಪೋರ್ಚುಗೀಸರೇ ಮೊದಲಾದವರು ಗುಲಾಮರನ್ನಾಗಿ ಪಶ್ಚಿಮ ತೀರಕ್ಕೆ ತಂದವರು. ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದವರ ಸಂತತಿಯವರು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಡೆ ಇದ್ದಾರೆ; ಅವರಲ್ಲಿ ಹಿಂದುಗಳೂ ಕ್ರೈಸ್ತರೂ ಮುಸಲ್ಮಾನರೂ ಉಂಟು. ೨೦೦೩ರಲ್ಲಿ ಅವರು ಪರಿಶಿಷ್ಟ ಪಂಗಡದವರೆಂದು ಎಣಿಸಲ್ಪಟ್ಟರು. ಕನ್ನಡ ಮಾತಾಡುವ, ನಮ್ಮದೇ ನಾಡಿನ ಮಕ್ಕಳು. ತಲೆಯಲ್ಲಿ ಮಾತ್ರ ಆಫ್ರಿಕದ ಸುರುಳಿ.

ಬೋರ್ಡಿಂಗಿನ ನಿಯಮ ನಿಮಗೆ ಗೊತ್ತೇ ಇದೆ: ಬೆಳಗಿನ ಪ್ರಾರ್ಥನೆಯ ಗಂಟೆಗೆ ಮುಂಚೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ ನಿಲ್ಲಬೇಕು. ಅವಳ ಕೂದಲು ಬೆನ್ನಿಗೆ ಇಳಿಯುವದೂ ಇಲ್ಲ, ರಿಬ್ಬನ್ನಿಗೆ ನಿಲ್ಲುವದೂ ಇಲ್ಲ. ದಿನಾಲೂ ನಾನು ಅವಳನ್ನು ಸಾಲಿನಿಂದ ಹೊರಗೆ ಕರೆದು, "ಬಾಚಿಕೊಂಡು ಬಾ" ಎಂದು ಹಿಂದಕ್ಕೆ ಕಳುಹಿಸುತ್ತಿದ್ದೆನು. ಬಾಚಣಿಗೆಯ ಹಲ್ಲುಗಳು ಮುರಿದವು, ಅವಳು ಅತ್ತಳು, ನಾನು ಸೋಮಾರಿತನವೆಂದು ತಿಳಿದೆನು. ಅದೇ ವರ್ಷ ಶಾಲಾದಿನಕ್ಕೆ ಆಫ್ರಿಕದಲ್ಲಿ ಲಿವಿಂಗ್‌ಸ್ಟನ್ ಎಂಬ ನಾಟಕವನ್ನು ಆಡಿಸಿದೆನು. ಆಫ್ರಿಕದವರ ಪಾತ್ರಗಳಿಗೆ ಹುಡುಗಿಯರ ಮುಖಗಳಿಗೆಲ್ಲಾ ಕೊಬ್ಬರಿಯೆಣ್ಣೆಯಲ್ಲಿ ಮಸಿ ಕಲಸಿ ಬಳಿದು, ತೆಂಗಿನ ನಾರನ್ನು ಸುತ್ತಿ ಸುತ್ತಿ ಕೂದಲು ಮಾಡಿ ತಲೆಗಳಿಗೆ ಕಟ್ಟಿದೆವು. ಆ ತಲೆಗಳು ರಂಗಕ್ಕೆ ಬಂದಾಗ ಸಭೆಯೆಲ್ಲಾ ನಕ್ಕಿತು. ಆ ಹುಡುಗಿಯನ್ನೂ ಅದೇ ಗುಂಪಿಗೆ ಸೇರಿಸಿದ್ದೆನು. ಬಣ್ಣ ಬಳಿಯುವ ಹೊತ್ತಿನಲ್ಲಿ ನಾನು ಎಲ್ಲರ ಮುಂದೆ, "ನಿನಗೆ ಇದೇನೂ ಬೇಡಮ್ಮಾ" ಎಂದು ನಗುತ್ತ ಹೇಳಿದೆನು. ಅವಳೂ ನಕ್ಕಳು. ಆ ನಗೆಯ ಅರ್ಥ ನನಗೆ ಆಗ ತಿಳಿಯಲಿಲ್ಲ.

ರಜೆ ಮುಗಿಸಿ ಬರುವಾಗ ಅವಳು ತಲೆಯನ್ನು ಹುಡುಗರ ಹಾಗೆ ಗಿಡ್ಡವಾಗಿ ಕತ್ತರಿಸಿಕೊಂಡು ಬಂದಳು. "ಈಗ ನೋಡು, ಎಷ್ಟು ಚೊಕ್ಕಟವಾಗಿದೆ!" ಎಂದು ನಾನು ಮೆಚ್ಚಿಕೊಂಡೆನು. ಮೂವತ್ತು ವರ್ಷಗಳ ಮೇಲೆ, ಈ ಪತ್ರಕ್ಕೆ ಉತ್ತರ ಹುಡುಕುತ್ತಿರುವಾಗ, ಆ ಮಾತು ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು. ಅದೇ ಕೂದಲು ಅವಳ ತಲೆಯಲ್ಲಿದ್ದಾಗ ನನಗೆ ಅಶಿಸ್ತು; ನಾರಿನಲ್ಲಿ ಮಾಡಿ ಇತರರ ತಲೆಗೆ ಕಟ್ಟಿದಾಗ ವಿನೋದ. ಎರಡು ಸೇರುಗಳು ನ್ಯೂಯಾರ್ಕಿನಲ್ಲಿ ಮಾತ್ರ ಇರಲಿಲ್ಲ. ನನ್ನ ಕೈಯಲ್ಲಿಯೂ ಇದ್ದವು.

ಇಷ್ಟನ್ನು ಕೇಳಿದ ಮೇಲೆ ಕೆಲವರು, ಹಾಗಾದರೆ ಒಬ್ಬರ ಜಡೆಯನ್ನು ಮತ್ತೊಬ್ಬರು ಹಾಕಿಕೊಳ್ಳಲೇ ಬಾರದೋ ಎಂದು ಕೇಳುವರು. ಲೋಕವೆಲ್ಲಾ ಕೊಟ್ಟು ಕೊಂಡು ಬೆಳೆದದ್ದಲ್ಲವೇ? ಹೌದು, ಈ ವಾದಕ್ಕೆ ಬಲ ಉಂಟು. ಮೂರು ಕಾಲುಗಳನ್ನು ಸೇರಿಸಿ ಹೆಣೆಯುವ ಕಲೆ ಯಾವದೊಂದು ಜನರ ಸ್ವಂತವಲ್ಲ. ಜಟೆಯನ್ನೇ ನೋಡಿರಿ. ನಮ್ಮ ಸಾಧುಗಳಿಗೆ ಅದು ವೈರಾಗ್ಯದ ಗುರುತು. ೧೯೩೦ರ ದಶಕದಲ್ಲಿ ಜಮೈಕದಲ್ಲಿ ಹುಟ್ಟಿದ ರಾಸ್ತಫಾರಿ ಪಂಥದವರು ಹಳೆಯ ಒಡಂಬಡಿಕೆಯ ನಾಜೀರರ ವ್ರತವನ್ನು ಆಧಾರವಾಗಿಟ್ಟುಕೊಂಡು ಜಟೆ ಬಿಡುವರು. ಉತ್ತರ ಕರ್ನಾಟಕದಲ್ಲಾದರೋ ಹುಡುಗಿಯ ಕೂದಲು ತಾನಾಗಿ ಗಂಟುಬಿದ್ದರೆ ಅದು ಎಲ್ಲಮ್ಮನ ಕರೆಯೆಂದು ಹೇಳಿ, ಎಷ್ಟೋ ಬಡ ಹುಡುಗಿಯರನ್ನು ದೇವದಾಸಿಯರನ್ನಾಗಿ ಬಿಟ್ಟರು; ೧೯೮೨ರ ನಮ್ಮ ರಾಜ್ಯದ ಕಾಯಿದೆಯು ಆ ಪದ್ಧತಿಯನ್ನು ನಿಷೇಧಿಸಿತು. ಒಂದೇ ಬಗೆಯ ಕೂದಲು. ಒಬ್ಬರಿಗೆ ವೈರಾಗ್ಯ, ಒಬ್ಬರಿಗೆ ವ್ರತ, ಒಬ್ಬಳಿಗೆ ಸೆರೆ. ಆದದರಿಂದ ಕೂದಲನ್ನು ಮಾತ್ರ ನೋಡಿ ತೀರ್ಪು ಮಾಡಲಾಗದು. ಅದು ತಲೆಯ ಮೇಲೆ ಹೇಗೆ ಬಂತೆಂದು ಕೇಳಬೇಕು.

ಅನ್ಯರ ಕೇಶರಚನೆಯು ನಮ್ಮ ತಲೆಗೆ ಮೂರು ದಾರಿಗಳಿಂದ ಬರಬಹುದೆಂದು ನನಗೆ ತೋರುವದು. ಮೊದಲನೆಯದು ಬಲಾತ್ಕಾರ. ೧೬೪೫ರಲ್ಲಿ ಮಂಚು ಅರಸರು ಚೀನದ ಗಂಡಸರೆಲ್ಲರೂ ಮುಂದಲೆ ಬೋಳಿಸಿ ತಮ್ಮ ಹಾಗೆ ಹಿಂದೆ ಜಡೆ ಬಿಡಬೇಕೆಂದೂ, ಒಪ್ಪದವರಿಗೆ ಮರಣವೆಂದೂ ಆಜ್ಞಾಪಿಸಿದ್ದೂ, ಜಿತ್ಕಾಲಾ-ಶಾಳ ಜಡೆಗೆ ಹಾಕಿದ ಕತ್ತರಿಯೂ ಈ ಬಗೆಯವು. ಎರಡನೆಯದು ಅಣಕ. ಹತ್ತೊಂಬತ್ತನೆಯ ಶತಮಾನದ ಅಮೇರಿಕದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದು ಉಣ್ಣೆಯಂಥ ಕೂದಲು ಕಟ್ಟಿಕೊಂಡು ಜನರನ್ನು ನಗಿಸಿದ್ದೂ, ನನ್ನ ನಾಟಕವೂ ಈ ಬಗೆಯವು. ಮೂರನೆಯದು ಎರವು. ನೆರೆಮನೆಯಿಂದ ಪಾತ್ರೆ ತಂದವಳು ಅದು ಯಾರದೆಂದು ಮರೆಯುವದಿಲ್ಲ. ಕೇಳಿದವರಿಗೆ ಇದು ಅವರ ಮನೆಯದೆಂದು ಹೇಳುತ್ತಾಳೆ. ತೊಳೆದು ಹಿಂದಕ್ಕೆ ಕೊಡುತ್ತಾಳೆ. ಬರಿದಾಗಿ ಕೊಡದೆ ಏನಾದರೂ ಹಾಕಿಕೊಡುತ್ತಾಳೆ. ಹಾಗೆ ತಂದ ಎರವಿನಿಂದ ಎರಡು ಮನೆಗಳು ಹತ್ತಿರವಾಗುವವು. ಹೇಳದೆ ತಂದು ತನ್ನದೆಂದು ಮೆರೆಯಿಸಿದರೆ ಅದಕ್ಕೆ ಬೇರೆ ಹೆಸರುಂಟು.

ಈ ಅಳತೆಯಿಂದ ನೋಡಿದರೆ ನಮ್ಮ ಹುಡುಗಿಯು ತಪ್ಪು ಮಾಡಲಿಲ್ಲ. ಆ ಜಡೆಯು ಅಂಗಡಿಯಲ್ಲಿ ಕೊಂಡದ್ದಲ್ಲ. ಅದರ ಒಡತಿಯಾದ ತಾಯಿಯೊಬ್ಬಳು ತನ್ನ ಮಗಳ ಸಂಗಡ ಕೂಡ್ರಿಸಿಕೊಂಡು ಪ್ರೀತಿಯಿಂದ ಹೆಣೆದದ್ದು. ಆದರೆ ಆ ಮನೆಯವರ ಒಪ್ಪಿಗೆಯು ಆ ಜನರೆಲ್ಲರ ಒಪ್ಪಿಗೆಯಲ್ಲವೆಂಬದನ್ನೂ ಅವಳು ತಿಳಿಯಬೇಕು. ನಾನು ತಾಯಿಗೆ ಹೀಗೆ ಬರೆದೆನು:

"ಮಗಳು ಜಡೆಯನ್ನು ಇಂದೇ ಬಿಚ್ಚಬೇಕೆಂದು ನಾನು ಹೇಳುವದಿಲ್ಲ. ಆದರೆ ಅವಳು ಮೊದಲು ಅದರ ಕಥೆಯನ್ನು ಓದಲಿ. ಯಾರಾದರೂ ಹೊಗಳಿದರೆ, ಇದು ನನ್ನ ಸ್ನೇಹಿತೆಯ ಜನರದು, ಅವಳ ತಾಯಿ ಹೆಣೆದುಕೊಟ್ಟಳು ಎಂದು ಹೇಳಲಿ. ಮುಖ ತಿರುಗಿಸಿದ ಹುಡುಗಿಯ ಹತ್ತಿರ ವಾದಕ್ಕೆ ಹೋಗದೆ, ನಿನಗೆ ಏಕೆ ನೋವಾಯಿತೆಂದು ಕೇಳಿ, ಹೇಳಿದ್ದನ್ನು ಕೊನೆಯ ವರೆಗೆ ಕೇಳಲಿ. ಮುಂದೆ ಆ ಸ್ನೇಹಿತೆಯನ್ನು ಇದೇ ಜಡೆಗಾಗಿ ಯಾರಾದರೂ ಹಿಂದಕ್ಕೆ ಕಳುಹಿಸಿದರೆ, ಅಂದು ಅವಳ ಪಕ್ಕದಲ್ಲಿ ನಿಲ್ಲುವದಕ್ಕೆ ಮನಸ್ಸಿದ್ದರೆ ಇಂದು ಜಡೆಯನ್ನು ಇಟ್ಟುಕೊಳ್ಳಲಿ. ಮನಸ್ಸಿಲ್ಲದಿದ್ದರೆ ಈಗಲೇ ಬಿಚ್ಚಲಿ. ಇನ್ನೊಂದು ಮಾತು: ನಮ್ಮ ಕೂದಲು ನುಣುಪಾದದ್ದು, ಬಿಗಿಯಾಗಿ ಎಳೆದು ಬಹುದಿನ ಬಿಟ್ಟರೆ ಹಣೆಯ ಅಂಚಿನಲ್ಲಿ ಉದುರುವದು. ಅಜ್ಜಿಗೂ ಹೇಳು: ಪರರ ಜಡೆ ಹಾಕಿದ್ದರಿಂದ ಮೊಮ್ಮಗಳು ಪರಳಾಗಲಿಲ್ಲ. ಹಬ್ಬದ ದಿನ ಆ ಸ್ನೇಹಿತೆಯನ್ನು ಮನೆಗೆ ಕರೆದು, ಅಜ್ಜಿಯೇ ಅವಳ ಮುಡಿಗೆ ಹೂ ಮುಡಿಸಲಿ. ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡಬಾರದಲ್ಲವೇ?"

ನಮ್ಮ ಶಾಲೆಯವರಿಗೂ ಒಂದು ವಿಜ್ಞಾಪನೆಯನ್ನು ಮಾಡಿ ಮುಗಿಸುವೆನು. ಅಪೊಸ್ತಲನಾದ ಪೇತ್ರನು ಸ್ತ್ರೀಯರಿಗೆ ಬುದ್ಧಿ ಹೇಳುವಾಗ ಜಡೆಯ ಅಲಂಕಾರಕ್ಕಿಂತ ಒಳಗಣ ಸಾತ್ವಿಕ ಮನಸ್ಸನ್ನು ದೊಡ್ಡದಾಗಿ ಎಣಿಸಿದ್ದಾನೆ. ಅದನ್ನು ನಾವು ಮಕ್ಕಳಿಗೆ ಬಹಳ ಸಾರಿ ಓದಿಸಿದ್ದೇವೆ. ತಲೆಯ ಕೂದಲುಗಳನ್ನು ಎಣಿಸಿಟ್ಟಿರುವ ದೇವರು ನೀಳವಾದವುಗಳನ್ನು ಮಾತ್ರ ಎಣಿಸಿದನೆಂದು ಸುವಾರ್ತೆಯಲ್ಲಿ ಎಲ್ಲಿಯೂ ಇಲ್ಲ. ಕೂದಲು ಚೊಕ್ಕಟವಾಗಿರಲಿ, ಪಾಠಕ್ಕೆ ಅಡ್ಡಿಯಾಗದಿರಲಿ ಎಂಬ ನಿಯಮ ಸಾಕು. ಎರಡೇ ಜಡೆ, ಹೀಗೆಯೇ ರಿಬ್ಬನ್ ಎಂಬ ಭಾಗವನ್ನು ತೆಗೆದುಬಿಡೋಣ. ಛದ್ಮವೇಷದ ಸ್ಪರ್ಧೆಯಲ್ಲಿ ಯಾವ ಜನರ ಮೈಬಣ್ಣವನ್ನೂ ಕೂದಲನ್ನೂ ವೇಷವನ್ನಾಗಿ ಮಾಡದಿರೋಣ. ಬೋರ್ಡಿಂಗಿಗೆ ಸಿದ್ದಿ ಹುಡುಗಿ ಬಂದರೆ, ನಿನ್ನ ತಾಯಿ ನಿನ್ನ ತಲೆಯನ್ನು ಹೇಗೆ ಬಾಚುತ್ತಿದ್ದಳು, ನನಗೂ ತೋರಿಸು ಎಂದು ಮೇಟ್ರನ್ನಮ್ಮನವರು ಮೊದಲ ದಿನವೇ ಕೇಳಲಿ.

ನಾನು ಹಾಗೆ ಕೇಳಲಿಲ್ಲ. ಗಿಡ್ಡ ಕೂದಲಿನ ಆ ಹುಡುಗಿಯು ಇಂದು ಎಲ್ಲಿರುವಳೋ, ಈ ಸಂಚಿಕೆಯು ಅವಳ ಕೈಸೇರಿದರೆ, ಅವಳ ಹಳೆಯ ಟೀಚರು ಈ ಪುಟಗಳ ಮೂಲಕ ಅವಳ ಕ್ಷಮೆಯನ್ನು ಬೇಡಿಕೊಂಡಿದ್ದಾಳೆಂದು ತಿಳಿಯಲಿ. ಹಳೆಯ ವಿದ್ಯಾರ್ಥಿನಿಯರ ಮುಂದಿನ ಕೂಟಕ್ಕೆ ಅವಳು ತನಗೆ ಒಪ್ಪುವ ಜಡೆಯಲ್ಲಿ ಬರುವದಾದರೆ, ಅವಳಿಗಾಗಿ ಮುಂದಿನ ಸಾಲಿನಲ್ಲಿ ಸ್ಥಳವನ್ನು ಹಿಡಿದಿಡುವ ಕೆಲಸ ನನ್ನದು.